ತಾಳೆ ನೋಡಲಾಗಿದೆ

ನನ್ನ ಷಡ್ಡಕನನ್ನು ನೆಂಟರೆಲ್ಲ ಟ್ರೂಕಾಪಿ ಎಂದು ಕರೆಯುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೇ ಕರೆಯುವವನು ನಾನೊಬ್ಬ. ಅಕ್ಕ ತಂಗಿಯರನ್ನು ಕಟ್ಟಿಕೊಂಡ ಇಬ್ಬರು ಗಂಡಸರ ನಡುವೆ ಅಷ್ಟಾದರೂ ಸಲಿಗೆ ಇಲ್ಲದಿದ್ದರೆ ಬದುಕುವುದು ಕಷ್ಟ.

ಮೂವತ್ತೆರಡು ವರ್ಷ ಅವನು ಒಂದು ದೊಡ್ಡ ಕಚೇರಿಯ ನಕಲು ವಿಭಾಗದಲ್ಲಿದ್ದ. ಜನ ತಮ್ಮ ಕಾಗದಪತ್ರದ ಮೂಲವನ್ನೂ ನಕಲನ್ನೂ ತಂದು ಅವನ ಮೇಜಿನ ಮೇಲೆ ಇಡುತ್ತಿದ್ದರು. ಎರಡನ್ನೂ ಸಾಲುಸಾಲಾಗಿ ಹೋಲಿಸಿ, 'ಮೂಲದೊಂದಿಗೆ ತಾಳೆ ನೋಡಲಾಗಿದೆ, ಸರಿಯಿದೆ' ಎಂಬ ಮೊಹರು ಒತ್ತುವುದು ಅವನ ಕೆಲಸ. ಹೋಲಿಸಲು ಕಣ್ಣು ಬೇಕು, ಒತ್ತಲು ಕೈ ಸಾಕು ಎಂಬುದನ್ನು ಅವನು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಂಡುಹಿಡಿದ. ಒಮ್ಮೆ ಯಾರೋ ಮದುವೆಯ ಪ್ರಮಾಣಪತ್ರದ ಮೂಲವನ್ನೂ ವಾಹನ ಪರವಾನಗಿಯ ನಕಲನ್ನೂ ಮುಂದಿಟ್ಟಾಗ, ಎರಡೂ ತಾಳೆಯಾಗಿವೆ ಎಂದು ಒತ್ತಿ ಕಳಿಸಿದನಂತೆ. ಹೇಳಿದವರು ಅವನ ಪಕ್ಕದ ಮೇಜಿನವರೇ.

ನಿವೃತ್ತಿಯಾದ ಮರುದಿನ ಮೊಹರಿಲ್ಲದ ಕೈ ತುರಿಸತೊಡಗಿತು. ಅದೇ ಮಾತು ಕೆತ್ತಿಸಿ ಸ್ವಂತಕ್ಕೊಂದು ಮೊಹರು ಮಾಡಿಸಿಕೊಂಡ. ಈಗ ಅವನ ಮನೆಯ ದಿನಸಿ ಚೀಟಿ, ಗ್ಯಾಸಿನ ರಸೀದಿ, ವೈದ್ಯರ ಚೀಟಿ ಎಲ್ಲಕ್ಕೂ ತಾಳೆಯಾಗಿರುತ್ತದೆ. ಯಾವುದಕ್ಕೆ ತಾಳೆ ಎಂದು ಕೇಳಿದರೆ ಸಿಟ್ಟು ಮಾಡಿಕೊಳ್ಳುತ್ತಾನೆ.

ಒಂದು ಭಾನುವಾರ ಅವನ ಅಣ್ಣನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಅಣ್ಣ ನಿವೃತ್ತ ಮೇಷ್ಟ್ರು. ಶಾಲೆ ಅವರನ್ನು ಬಿಟ್ಟರೂ ಅವರು ಶಾಲೆಯನ್ನು ಬಿಟ್ಟಿಲ್ಲ. ಉಪ್ಪು ಕೊಡಿ ಎನ್ನುವುದನ್ನೂ ಕೊನೆಯ ಬೆಂಚಿಗೆ ಕೇಳುವ ಹಾಗೆ ಹೇಳುತ್ತಾರೆ. ಅವತ್ತು ನಡುಮನೆಯಲ್ಲಿ ಅವರ ಆರು ವರ್ಷದ ಮೊಮ್ಮಗಳು ಕಾಪಿ ಬರೆಯುತ್ತಿದ್ದಳು. ಎಡಗೈಯನ್ನು ಕರವಸ್ತ್ರದಿಂದ ಕುರ್ಚಿಯ ಕೈಗೆ ಕಟ್ಟಲಾಗಿತ್ತು. ಬಲಗೈಯಲ್ಲಿ ಹುಡುಗಿ ಬರೆಯುತ್ತಿದ್ದ ಅಕ್ಷರಗಳು ಕಾಲು ಮುರಿದುಕೊಂಡು ಬಿದ್ದಿದ್ದವು. ಕಣ್ಣೀರು ಬಿದ್ದು ಅರ್ಧ ಪುಟ ಅಳಿಸಿಹೋಗಿತ್ತು.

"ಯಾಕ್ರೀ ಮೇಷ್ಟ್ರೇ ಇದು?" ಎಂದೆ.

"ಎಡಚಿ ಆಗ್ತಿದಾಳೆ," ಎಂದರು, ಸಿಡುಬು ಬಂದಿದೆ ಎನ್ನುವ ಧಾಟಿಯಲ್ಲಿ. "ನಮ್ಮ ವಂಶದಲ್ಲಿ ಇದು ನಡೆಯಲ್ಲ. ನಮ್ಮಕ್ಕಂಗೂ ಚಿಕ್ಕವಳಿದ್ದಾಗ ಈ ಚಟ ಇತ್ತು. ಅಪ್ಪ ಕೈ ಕಟ್ಟಿಹಾಕಿ ಬಿಡಿಸಿದ್ರು. ಶಿಸ್ತು ಅಂದ್ರೆ ಅದು. ಅಪ್ಪ ಹಾಕಿದ ದಾರಿ, ನಾನು ಬಿಡಲ್ಲ."

ಅಪ್ಪ ತೀರಿಕೊಂಡಾಗ ಮೇಷ್ಟ್ರಿಗೆ ಆರು ವರ್ಷ, ಟ್ರೂಕಾಪಿಗೆ ಎರಡು. ಮೇಷ್ಟ್ರಿಗೆ ಅಪ್ಪನ ಬಗ್ಗೆ ನಿಜವಾಗಿ ನೆನಪಿರುವುದು ಒಂದು ಕೊಡೆ ಮತ್ತು ಒಂದು ಕೆಮ್ಮು. ಉಳಿದ ಅಪ್ಪನನ್ನು ಅವರೇ ತಯಾರಿಸಿಕೊಂಡಿದ್ದಾರೆ.

ಮೂಲೆಯ ಕುರ್ಚಿಯಲ್ಲಿ ಅಕ್ಕ ಕುಳಿತಿದ್ದರು. ಇವರಿಬ್ಬರಿಗೂ ದೊಡ್ಡವರು, ಎಪ್ಪತ್ತೆರಡು ದಾಟಿದವರು. ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟು, ಈ ಇಬ್ಬರು ತಮ್ಮಂದಿರನ್ನು ಓದಿಸಿದವರು. ಅಂಗಡಿಯಲ್ಲಿ ಒಬ್ಬರೇ ಇದ್ದಾಗ ಕತ್ತರಿ ಎಡಗೈಯಲ್ಲಿರುತ್ತದೆ, ಬಟ್ಟೆ ಗೆರೆ ಎಳೆದಂತೆ ಸೀಳುತ್ತದೆ. ಮನೆಯವರು ಯಾರಾದರೂ ಒಳಗೆ ಬಂದರೆ ಕತ್ತರಿ ಥಟ್ಟನೆ ಬಲಗೈಗೆ ಹೋಗುತ್ತದೆ. ಇದನ್ನು ನಾನೇ ಎಷ್ಟೋ ಸಲ ಗಾಜಿನ ಬಾಗಿಲಿನ ಹೊರಗಿನಿಂದ ನೋಡಿದ್ದೇನೆ. ಎಪ್ಪತ್ತೆರಡು ವರ್ಷದ ಹೆಂಗಸು ತನ್ನ ಅಂಗಡಿಯಲ್ಲೇ ಕಳ್ಳಿಯ ಹಾಗೆ ಕತ್ತರಿ ಬಚ್ಚಿಡಬೇಕು.

ಅಕ್ಕ ಕಟ್ಟಿದ ಕೈಯನ್ನು ಒಂದು ಸಲ ನೋಡಿದರು. ಆಮೇಲೆ ಚೀಲದಿಂದ ಸೂಜಿ ಡಬ್ಬಿ ತೆಗೆದು, ಅದರೊಳಗಿಂದ ಕಾಗದದಲ್ಲಿ ಸುತ್ತಿದ್ದ ಒಂದು ತುಂಡು ಫಿಲ್ಮು ತೆಗೆದರು. ಮುಖ ಕಪ್ಪು, ತಲೆಗೂದಲು ಬಿಳಿ, ಹಳೆಯ ನೆಗೆಟಿವ್ವು.

"ಇದರೊಳಗೆ ಅಪ್ಪ ಇದಾರೆ. ಮೇಜಿನ ಮುಂದೆ ಕೂತು ಬರೀತಿದಾರೆ. ಫೋಟೋನ ಗೆದ್ದಲು ತಿಂತು, ಇರೋದು ಇದೊಂದೇ. ನನ್ನ ಕಣ್ಣು ಪೂರ್ತಿ ಮಂಜಾಗೋ ಮುಂಚೆ ಒಂದು ಸಲ ಆ ಮುಖ ನೋಡ್ಬೇಕಪ್ಪ. ಸ್ಟುಡಿಯೋಗೆ ಕೊಟ್ಟು ಮಾಡಿಸ್ತೀಯಾ?"

ಇಷ್ಟು ಸಣ್ಣ ಕೆಲಸ. ಆದರೆ ಕೇಳಿದ್ದು ಟ್ರೂಕಾಪಿಯನ್ನು.

"ಸ್ಟುಡಿಯೋನಾ? ಪ್ರತಿ ತೆಗೆಯೋದು ಅಂದ್ರೆ ಏನು ಅಂತ ಅವರಿಗೇನು ಗೊತ್ತು?" ಎಂದು ಎದ್ದು ನಿಂತ. "ಸ್ಕ್ಯಾನರ್ ನಾನೇ ತರ್ತೀನಿ. ಕಾಗದ, ಫೋಟೋ, ಫಿಲ್ಮು, ಮೂರಕ್ಕೂ ಒಂದೇ. ನಮ್ಮ ವಂಶದ ದಾಖಲೆ ಪೂರ್ತಿ ಪ್ರತಿ ತೆಗೆದು ಇಡ್ತೀನಿ."

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅಕ್ಕ ಫಿಲ್ಮನ್ನು ಮತ್ತೆ ಕಾಗದದಲ್ಲಿ ಸುತ್ತಿ, ಮನಸ್ಸಿಲ್ಲದ ಮನಸ್ಸಿನಿಂದ ಅವನ ಕೈಗೆ ಕೊಟ್ಟರು.

ಆಯ್ಕೆಗೆ ಒಂದೂವರೆ ತಿಂಗಳು ಹಿಡಿಯಿತು. ಒಂದು ದಪ್ಪ ಫೈಲು ತೆರೆದು, ಸ್ಕ್ಯಾನರನ್ನು ಜನ್ಮದಲ್ಲಿ ಮುಟ್ಟದ ಹನ್ನೊಂದು ಮಂದಿಯ ಅಭಿಪ್ರಾಯ ಬರೆದುಕೊಂಡ. ಮೇಲಿನ ಮನೆಯವರು, ಅದೆಲ್ಲ ಯಾಕೆ, ಫೋನಿನಲ್ಲೇ ಹೊಡೆಯಿರಿ ಎಂದರು. ಎದುರು ಮನೆಯ ವಕೀಲರು, ಫೋನಿನಲ್ಲಿ ಹೊಡೆದದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದರು. ಕೋರ್ಟಿಗೆ ಯಾರು ಹೋಗುತ್ತಿದ್ದಾರೆ ಎಂದು ಯಾರೂ ಕೇಳಲಿಲ್ಲ. ಅವನ ಹೆಂಡತಿಯದು ಒಂದೇ ಷರತ್ತು: ಟೀವಿಯ ಕೆಳಗಿನ ಗೂಡಿನಲ್ಲಿ ಹಿಡಿಸಬೇಕು, ಹಿಡಿಸದಿದ್ದರೆ ಸ್ಕ್ಯಾನರಿನ ಜೊತೆ ಗಂಡನೂ ಹೊರಗೆ. ಅಕ್ಕನ ಅಂಗಡಿಯಿಂದ ಟೇಪು ತಂದು ಗೂಡನ್ನು ಮೂರು ಸಲ ಅಳೆದ. ಮೂರು ಸಲವೂ ಬೇರೆ ಬೇರೆ ಅಳತೆ ಬಂತು. ಮೂರಕ್ಕೂ ಮೊಹರು ಒತ್ತಿದ.

ಕೊನೆಗೆ ಅಂಗಡಿಗೆ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋದ. ಅಂಗಡಿಯವನು ತಾಳ್ಮೆಯ ಮನುಷ್ಯ. ಫೋಟೋ ಹಾಕುವ ಚೌಕಟ್ಟು, ಬಣ್ಣದ ಪ್ರಿಂಟು, ಯಂತ್ರಗಳು ಎಲ್ಲ ಇಟ್ಟುಕೊಂಡಿದ್ದ. ಮೂರು ತರಹದವು ತೋರಿಸಿದ. ಹಾಳೆಗಳನ್ನು ಒಂದು ಬಾಯಿಂದ ನುಂಗಿ ಇನ್ನೊಂದು ಬಾಯಿಂದ ಉಗಿಯುವುದು ಒಂದು. ಫಿಲ್ಮು ಮಾತ್ರ ನೋಡುವ ಅಂಗೈಯಗಲದ ಡಬ್ಬಿ ಒಂದು. ಗಾಜಿನ ಮೇಲೆ ಮಲಗಿಸಿ ಮುಚ್ಚಳ ಮುಚ್ಚುವ ತೆಳ್ಳನೆಯದು ಇನ್ನೊಂದು.

"ಈ ನುಂಗೋದು ಕಾಗದಕ್ಕೆ ಮಾತ್ರ ಸರ್. ಹಳೇ ಫೋಟೋ ಇದಕ್ಕೆ ಕೊಡ್ಬೇಡಿ," ಎಂದ ಅಂಗಡಿಯವನು.

"ಯಾಕೆ ಕೊಡಬಾರದು?" ಎಂದು ಟ್ರೂಕಾಪಿ ಜೇಬಿನಿಂದ ಒಂದು ಫೋಟೋ ತೆಗೆದು ಅದರ ಬಾಯಿಗೆ ಇಟ್ಟೇ ಬಿಟ್ಟ. ಅದು ನಮ್ಮಿಬ್ಬರ ಅತ್ತೆಯ ಫೋಟೋ. ಯಂತ್ರ ಗುರ್ ಎಂದಿತು, ಅತ್ತೆ ಒಳಗೆ ಹೋದರು, ಅರ್ಧದಲ್ಲಿ ನಿಂತರು, ಆಮೇಲೆ ಬೀಸಣಿಗೆಯ ಹಾಗೆ ಮಡಿಸಿಕೊಂಡು ಹೊರಗೆ ಬಂದರು. ಬದುಕಿದ್ದಾಗ ನಮ್ಮಿಬ್ಬರಿಗೂ ಆಕೆಯ ಹಣೆಯ ಮೇಲೆ ಒಂದು ಗೆರೆ ಮೂಡಿಸುವ ಧೈರ್ಯವಿರಲಿಲ್ಲ. ನಾನು ದುಃಖದ ಮುಖ ಮಾಡಿಕೊಂಡು ಗೋಡೆಯ ಕಡೆ ತಿರುಗಿದೆ.

"ಇದು ಯಂತ್ರದ ದೋಷ," ಎಂದು ತೀರ್ಪು ಕೊಟ್ಟ ಟ್ರೂಕಾಪಿ.

ಉಳಿದ ಎರಡರಲ್ಲಿ ತೆಳ್ಳನೆಯದನ್ನೇ ಅಂಗಡಿಯವನು ಹೇಳಿದ. ಮುಚ್ಚಳದಲ್ಲೂ ದೀಪವಿರುವುದರಿಂದ ಫಿಲ್ಮು ಬರುತ್ತದೆ, ಕಪ್ಪನ್ನು ಬಿಳುಪು ಮಾಡುವುದು ಕಂಪ್ಯೂಟರಿನ ಕೆಲಸ, ಗೂಡಿನಲ್ಲೂ ಹಿಡಿಸುತ್ತದೆ. ಸರಿಯಾದ ಸಲಹೆ. ಮೊದಲ ದಿನವೇ ಬಂದು ಕೇಳಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

"ಡಿಪಿಐ ಎಷ್ಟು?" ಎಂದ ಟ್ರೂಕಾಪಿ. ಒಂದಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕದ ಆ ಪದ ಅವನಿಗೆ ಹಿಂದಿನ ದಿನ ಸಿಕ್ಕಿತ್ತು.

"ನಾಲ್ಕು ಸಾವಿರದ ಎಂಟುನೂರು. ಅದು ಫಿಲ್ಮಿಗೆ ಸರ್. ಕಾಗದಕ್ಕೆ ಮುನ್ನೂರು ಸಾಕು."

"ಸಾಕು ಅನ್ನೋ ಮಾತು ನನ್ನ ಹತ್ರ ಬೇಡ."

"ಆಯ್ತು ಸರ್. ಇನ್ನೊಂದು. ಫಿಲ್ಮಿಗೆ ಎರಡು ಮಗ್ಗುಲು ಇರುತ್ತೆ, ಒಂದು ಹೊಳಪು, ಒಂದು ಮಂಕು. ಇಡೋವಾಗ ಅಂಚಿನಲ್ಲಿರೋ ಅಕ್ಷರ..."

"ಇಲ್ಲಿ ಕೇಳಪ್ಪ," ಎಂದು ಟ್ರೂಕಾಪಿ ಕೈ ಎತ್ತಿದ. "ಮೂವತ್ತೆರಡು ವರ್ಷ ನಕಲು ವಿಭಾಗದಲ್ಲಿ ಇದ್ದವನು ನಾನು. ನನಗೆ ಪ್ರತಿ ತೆಗೆಯೋದು ಹೇಳಿಕೊಡ್ತೀಯಾ?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಮುಗುಳ್ನಕ್ಕೆ. ಗೊತ್ತಿಲ್ಲದವನಿಗೆ ಹೇಳಬಹುದು, ಎಲ್ಲ ಗೊತ್ತಿರುವವನಿಗೆ ಯಾರು ಹೇಳಬೇಕು?

ಮನೆಗೆ ಬಂದವನೇ ಬಳಕೆಯ ಪುಸ್ತಿಕೆಯ ರಟ್ಟಿಗೆ ಮೊಹರು ಒತ್ತಿ, ಓದದೆ ಫೈಲಿಗೆ ಸೇರಿಸಿದ. ಮೊದಲು ದಿನಸಿ ಚೀಟಿಯನ್ನು ನಾಲ್ಕು ಸಾವಿರದ ಎಂಟುನೂರರಲ್ಲಿ ಸ್ಕ್ಯಾನ್ ಮಾಡಿದ. ಮುಕ್ಕಾಲು ಗಂಟೆ ಹಿಡಿಯಿತು. ಕಂಪ್ಯೂಟರು ಬಿಸಿಯಾಗಿ ಎರಡು ಸಲ ಸತ್ತು ಬದುಕಿತು. ಕೊನೆಗೆ 'ಕೊಬ್ಬರಿ ಅರ್ಧ ಕೆಜಿ' ಎಂಬ ಸಾಲಿನ ಒಂದೊಂದು ಅಕ್ಷರವೂ ಕುಂಬಳಕಾಯಿಯ ಗಾತ್ರದಲ್ಲಿ ಕಂಡಿತು. ಅಷ್ಟರಲ್ಲಿ ದಿನಸಿ ಅಂಗಡಿ ಮುಚ್ಚಿ, ಮನೆಗೆ ಕೊಬ್ಬರಿ ಬರಲಿಲ್ಲ.

ಮರುದಿನ ಅಪ್ಪನ ಸರದಿ. ಅಕ್ಕ, ಮೇಷ್ಟ್ರು, ಮೊಮ್ಮಗಳು, ವಕೀಲರು, ಮೇಲಿನ ಮನೆಯವರು, ನನ್ನ ಹೆಂಡತಿ, ಟ್ರೂಕಾಪಿಯ ಹೆಂಡತಿ, ಎಲ್ಲರೂ ಟೀವಿಯ ಮುಂದೆ ಸೇರಿದ್ದರು. ಟ್ರೂಕಾಪಿ ಫಿಲ್ಮನ್ನು ಸ್ಕ್ಯಾನರಿನ ಚೌಕಟ್ಟಿಗೆ ತುರುಕಿ ಮುಚ್ಚಳ ಮುಚ್ಚಿದ. ಪರದೆಯ ಮೇಲೆ ಇಷ್ಟಿಷ್ಟಾಗಿ ಒಂದು ಮೇಜು, ಒಂದು ಬಿಳಿ ಅಂಗಿ, ಮೇಲೆ ಒಂದು ಸಣ್ಣ ಮೀಸೆ, ಎರಡು ಕಣ್ಣು ಮೂಡಿದವು.

ಅಕ್ಕ ಬಾಯಿಗೆ ಸೆರಗು ಹಿಡಿದು, ಕುರ್ಚಿಯಿಂದ ಎದ್ದು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಮೊದಲು ಮುಖ ಸವರಿದರು. ಆಮೇಲೆ ಬೆರಳು ಕೆಳಗಿಳಿದು ಅಂಗಿಯ ಜೇಬಿನ ಮೇಲೆ ನಿಂತಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಅಪ್ಪ," ಎಂದರು, ಅಷ್ಟೇ.

ಆಗ ಮೊಮ್ಮಗಳು, "ಮುತ್ತಾತನೂ ಈ ಕೈಲೇ ಬರೀತಿದಾರೆ!" ಎಂದು ತನ್ನ ಎಡಗೈ ಎತ್ತಿ ತೋರಿಸಿದಳು.

ಎಲ್ಲರೂ ನೋಡಿದೆವು. ಪೆನ್ನು ಎಡಗೈಯಲ್ಲಿತ್ತು. ಅನುಮಾನವೇ ಇಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ ನಾವು. ಅಪ್ಪನ ಎಡಗೈಯನ್ನು ಆ ಕ್ಷಣವೇ ಕೊಟ್ಟಿಗೆಗೆ ಕಟ್ಟಿದೆವು.

ಮೇಷ್ಟ್ರ ಮುಖ ಬಿಳುಚಿತು. "ಅಕ್ಕಾ, ಅಪ್ಪ... ಎಡಚರಾ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ನನ್ನನ್ಯಾಕೋ ಕೇಳ್ತೀಯ? ಫೋಟೋ ಕಣ್ಣೆದುರಿಗಿದೆ. ನಿನ್ನ ತಮ್ಮ ಪ್ರತಿ ತೆಗೆದಿದಾನೆ. ಅವನ ಪ್ರತಿ ತಪ್ಪಾಗಿರುತ್ತಾ?"

"ಸಾಧ್ಯವೇ ಇಲ್ಲ," ಎಂದ ಟ್ರೂಕಾಪಿ. ಕಾಗದದ ಮೇಲೆ ಒಂದು ಪ್ರತಿ ಹೊರಡಿಸಿ, ಹಿಂಬದಿಗೆ ಮೊಹರು ಒತ್ತಿದ. ತಾಳೆ ನೋಡಲಾಗಿದೆ, ಸರಿಯಿದೆ.

ಒಂದು ವಾರದಲ್ಲಿ ಆ ಮನೆತನಕ್ಕೆ ಹೊಸ ಇತಿಹಾಸ ಬಂತು. ಅಪ್ಪ ಎಡಚರಾಗಿದ್ದು, ಲೋಕದ ಬಾಯಿಗೆ ಹೆದರಿ ಮಗಳ ಕೈಯನ್ನು ಒಲ್ಲದ ಮನಸ್ಸಿನಿಂದ ಕಟ್ಟಿದರೆಂದು ಮೇಷ್ಟ್ರು ಸಿದ್ಧಾಂತ ಮಂಡಿಸಿದರು. "ಕಟ್ಟೋವಾಗ ಅಪ್ಪನ ಕಣ್ಣಲ್ಲಿ ನೀರಿತ್ತು, ನನಗೆ ಚೆನ್ನಾಗಿ ನೆನಪಿದೆ," ಎಂದರು. ನೆನಪಿನ ಪಟ್ಟಿಗೆ ಕೊಡೆ, ಕೆಮ್ಮಿನ ಜೊತೆ ಕಣ್ಣೀರೂ ಸೇರಿತು. ಮೊಮ್ಮಗಳ ಕರವಸ್ತ್ರ ಬಿಚ್ಚಿತು. ಅಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ. ಮೇಷ್ಟ್ರು ತಾವೂ ಹುಟ್ಟಾ ಎಡಚರೇ ಎಂದು ಕಂಡುಕೊಂಡರು. ತಮ್ಮ ಬಲಗೈ ಬರವಣಿಗೆ ಕಾಗೆ ಕಾಲಿನ ಹಾಗಿರುವುದಕ್ಕೆ ಅದೇ ಕಾರಣವಂತೆ. ಎಡಗೈಯಲ್ಲಿ ಬರೆದು ತೋರಿಸಿದರು. ಎರಡು ಕಾಗೆಗಳಾದವು. ಮೊಮ್ಮಗಳ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ನಾಲ್ಕು ಪುಟದ ಮನವಿ ಹೋಯಿತು: ಎಡಗೈ ಮಕ್ಕಳನ್ನು ಗದರಿಸಕೂಡದು, ಬೆಂಚಿನ ಎಡತುದಿಯನ್ನು ಅವರಿಗೇ ಬಿಡತಕ್ಕದ್ದು. ಆಕೆ ಓದಲಾಗದೆ, ಓದಿಸಿಕೊಳ್ಳಲು ಮೇಷ್ಟ್ರನ್ನೇ ಕರೆಸಿದರು.

ವಕೀಲರು ತಮ್ಮ ತಾತನೂ ಎಡಚನೇ ಎಂದು ಘೋಷಿಸಿದರು. ಮೇಲಿನ ಮನೆಯವರು ತಮ್ಮ ನಾಯಿ ಎಡಗಾಲಿನಿಂದಲೇ ಕೆರೆದುಕೊಳ್ಳುತ್ತದೆ ಎಂದು ತೋರಿಸಲು ಅದನ್ನು ಮೆಟ್ಟಿಲಿಳಿಸಿ ತಂದರು. ಸಂಬಂಧಿಕರು ಬಂದವರೆಲ್ಲ ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದು ಅಂಗಿಯ ಮೇಲೆ ಚೆಲ್ಲಿಕೊಂಡು, ರಕ್ತ ಸುಮ್ಮನಿರುತ್ತದೆಯೇ ಎಂದು ಹೆಮ್ಮೆಪಟ್ಟರು. ಇಷ್ಟು ವರ್ಷ ಅಕ್ಕನನ್ನು ಎಡಚಿ ಎಂದು ಆಡಿಕೊಂಡ ಬಾಯಿಗಳು ಇವೇ. ಒಬ್ಬೊಬ್ಬರಾಗಿ ಅಂಗಡಿಗೆ ಹೋಗಿ, ತಪ್ಪಾಯ್ತಮ್ಮ, ಗೊತ್ತಿರಲಿಲ್ಲ ಎಂದು ಹೇಳಿ ಬಂದರು. ಅಕ್ಕ ಎಲ್ಲರಿಗೂ ಸ್ಟೂಲು ಕೊಟ್ಟು, ಅವರ ಮಾತು ಪೂರ್ತಿ ಮುಗಿಯುವವರೆಗೂ ಕೇಳಿಸಿಕೊಂಡರು. ಮಧ್ಯದಲ್ಲಿ ಸಾಕು ಬಿಡಿ ಎನ್ನಲಿಲ್ಲ.

ಇದೆಲ್ಲದರ ಕಿರೀಟ ಟ್ರೂಕಾಪಿಯ ತಲೆಯ ಮೇಲೆ. "ನನ್ನ ಸ್ಕ್ಯಾನರ್ ಇಲ್ಲದಿದ್ರೆ ಸತ್ಯ ಸೂಜಿ ಡಬ್ಬಿಯಲ್ಲೇ ಕೊಳೀತಿತ್ತು," ಎಂದು ಬೀದಿಯಲ್ಲಿ ನಿಂತು ಹೇಳುತ್ತಿದ್ದ. ಗೋಡೆಯಷ್ಟು ದೊಡ್ಡ ಪ್ರತಿ ಮಾಡಿಸಿ, ಭಾನುವಾರ ಅಕ್ಕನ ಅಂಗಡಿಯಲ್ಲಿ ಎಲ್ಲರೆದುರಿಗೆ ತೂಗುಹಾಕುವುದೆಂದು ನಿಶ್ಚಯವಾಯಿತು.

ಶನಿವಾರ ಸ್ಕ್ಯಾನರ್ ಕೊಂಡ ಅಂಗಡಿಗೇ ಹೋದೆವು. ದೊಡ್ಡ ಪ್ರತಿ ಚೌಕಟ್ಟು ಹಾಕಿಸಿಕೊಂಡು ತಯಾರಾಗಿತ್ತು. ಮೂಲವೂ ಜೊತೆಗೇ ಇರಲಿ ಎಂದು ಟ್ರೂಕಾಪಿ ಫಿಲ್ಮನ್ನು ಚೌಕಟ್ಟಿನ ಕೆಳಮೂಲೆಗೆ ಸಿಕ್ಕಿಸಿಕೊಡಲು ಹೇಳಿದ. ಅಂಗಡಿಯವನು ಫಿಲ್ಮನ್ನು ದೀಪಕ್ಕೆ ಹಿಡಿದ. ಚಿತ್ರ ನೋಡಿದ. ಮತ್ತೆ ಫಿಲ್ಮು ನೋಡಿದ.

"ಸರ್, ಇದು ಮಗುಚಿ ಬಿದ್ದಿದೆಯಲ್ಲ."

"ಏನು ಮಗುಚಿದೆ?"

"ಫಿಲ್ಮನ್ನ ಹಿಂದುಮುಂದಾಗಿ ಇಟ್ಟಿದೀರಿ. ಅಂಚಿನ ಅಕ್ಷರ ನೇರ ಕಾಣೋ ಹಾಗೆ ಇಡ್ಬೇಕು, ಅವತ್ತು ಅದನ್ನೇ ಹೇಳಕ್ಕೆ ಬಂದೆ. ಕನ್ನಡಿಲಿ ಕಂಡ ಹಾಗೆ ಬಂದಿದೆ. ಎಡ ಬಲ ಆಗಿದೆ, ಬಲ ಎಡ ಆಗಿದೆ. ಇವರು ಬಲಗೈಲಿ ಬರೀತಿದಾರೆ ಸರ್."

ಟ್ರೂಕಾಪಿ ಇಂಗು ತಿಂದ ಮಂಗನಂತಾದ. ನಾನು ನಕ್ಕೆ. ಒಂದೂವರೆ ತಿಂಗಳ ಬಾಕಿ ನಗು, ಅಂಗಡಿಯ ಗಾಜು ಅದುರುವ ಹಾಗೆ ನಕ್ಕೆ. ನಗು ಮುಗಿದ ಮೇಲೆ ನೋಡಿದರೆ ಅವನು ಚೌಕಟ್ಟನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ.

"ಹೇಳಿದ್ರೆ ಅಣ್ಣ ಮತ್ತೆ ಆ ಮಗು ಕೈ ಕಟ್ತಾನೆ ಕಣೋ ಷಡ್ಡಕ," ಎಂದ. "ಅಕ್ಕನ ಮುಖ ಹ್ಯಾಗೆ ನೋಡ್ಲಿ?"

ಅವನ ಬಾಯಲ್ಲಿ ಮೊದಲ ಸಲ ಒಂದು ಅರ್ಥವುಳ್ಳ ಮಾತು ಬಂದಿತ್ತು. ಇದು ನನಗೆ ಇಷ್ಟವಾಗಲಿಲ್ಲ.

ಭಾನುವಾರ ಬೆಳಿಗ್ಗೆ, ಜನ ಸೇರುವ ಮುಂಚೆ, ಅಕ್ಕನ ಅಂಗಡಿಗೆ ಹೋದೆವು. ಅಕ್ಕ ಬಟ್ಟೆ ಕತ್ತರಿಸುತ್ತಿದ್ದರು. ಮೇಜಿನ ತುದಿಯಲ್ಲಿ ಮೊಮ್ಮಗಳು ಕುಳಿತು ಬರೆಯುತ್ತಿದ್ದಳು, ಬಿಚ್ಚಿದ ಎಡಗೈಯಲ್ಲಿ. ಅಕ್ಷರಗಳು ನೆಟ್ಟಗೆ ನಿಂತಿದ್ದವು.

ಟ್ರೂಕಾಪಿ ಚೌಕಟ್ಟನ್ನು ಗೋಡೆಗೊರಗಿಸಿ ತೊದಲಿದ. "ಅಕ್ಕಾ, ಒಂದು ತಪ್ಪಾಗಿದೆ. ಫಿಲ್ಮನ್ನ ನಾನು... ಅದು ಹೊಳಪಿನ ಕಡೆ, ಮಂಕಿನ ಕಡೆ ಅಂತ ಇರುತ್ತಂತೆ..."

"ತಿರುಗಿಸಿ ಇಟ್ಟಿದೀಯ," ಎಂದರು ಅಕ್ಕ, ಬಟ್ಟೆಯಿಂದ ತಲೆ ಎತ್ತದೆ.

"ಅಂಗಡಿಯವನು ಹೇಳಿದ್ನಾ?"

"ಯಾರೂ ಹೇಳ್ಬೇಕಾಗಿಲ್ಲ. ಆ ಅಂಗಿ ನಾನು ಹೊಲಿದದ್ದು. ನನ್ನ ಕೈಯ ಮೊದಲನೇ ಅಂಗಿ, ಹದಿನಾಲ್ಕು ವರ್ಷ ನನಗೆ. ಅದನ್ನ ಹಾಕ್ಕೊಂಡೇ ಅಪ್ಪ ಫೋಟೋ ತೆಗೆಸಿದ್ದು. ಜೇಬನ್ನ ಎಡಗಡೆಗೆ ಹೊಲಿದಿದ್ದೆ. ನಿನ್ನ ಪರದೆ ಮೇಲೆ ಅದು ಅಪ್ಪನ ಬಲಗಡೆಗೆ ಹೋಗಿತ್ತು."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

ಅಕ್ಕ ಕತ್ತರಿ ಕೆಳಗಿಟ್ಟರು. "ಜೇಬು ಹೊಲಿದದ್ದು ಎಡಗೈಲಿ, ಅಪ್ಪ ಮನೇಲಿ ಇಲ್ಲದಾಗ. ಎಷ್ಟು ನೇರ ಹೊಲಿಗೆ ಮಗಾ ಅಂತ ಬೆನ್ನು ತಟ್ಟಿದ್ರು. ಬಲಗೈಲಿ ಹೊಲಿದೆ ಅಂದೆ. ಅಪ್ಪಂಗೆ ನಾನು ಹೇಳಿದ ಸುಳ್ಳು ಅದೊಂದೇ. ಐವತ್ತೆಂಟು ವರ್ಷದಿಂದ ಅದು ಗಂಟಲಲ್ಲೇ ಇದೆ." ಮೊಮ್ಮಗಳ ಕಡೆ ನೋಡಿದರು. "ಇವಳು ಆ ಸುಳ್ಳು ಹೇಳೋದು ಬೇಡ."

ಹೊರಗೆ ಮೇಷ್ಟ್ರ ದನಿ ಕೇಳಿಸಿತು. ನೆಂಟರ ಹಿಂಡನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಅಕ್ಕ ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡರು, ಎಡಗೈಗೆ. ಗಾಜಿನ ಬಾಗಿಲು ತೆರೆಯಿತು, ಮೇಷ್ಟ್ರು ಒಳಗೆ ಬಂದರು, ಹಿಂದೆ ಎಲ್ಲರೂ ಬಂದರು. ಕತ್ತರಿ ಇದ್ದಲ್ಲೇ ಇತ್ತು.

"ಎಲ್ಲಿ, ಮೊಹರು ತಂದಿದೀಯಾ?" ಎಂದರು ಅಕ್ಕ. "ಒತ್ತಪ್ಪ. ಈ ಸಲ ಸರಿಯಾಗಿ ನೋಡಿ ಒತ್ತು."

ಟ್ರೂಕಾಪಿ ಫಿಲ್ಮನ್ನು ಚೌಕಟ್ಟಿನಿಂದ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದ. ಕನ್ನಡಕ ಹಾಕಿಕೊಂಡ. ಅಂಚಿನ ಅಕ್ಷರ ನೋಡಿದ, ಜೇಬು ನೋಡಿದ, ಪೆನ್ನು ಹಿಡಿದ ಕೈ ನೋಡಿದ. ದೊಡ್ಡ ಚಿತ್ರದ ಹತ್ತಿರ ಹೋಗಿ ಒಂದೊಂದನ್ನೂ ಬೆರಳಿಟ್ಟು ಹೋಲಿಸಿದ. ಐದು ನಿಮಿಷವಾಯಿತು. ಮೇಷ್ಟ್ರು ಕೆಮ್ಮಿದರು. ನಾನು ಬಾಯಿ ತೆರೆದವನು ಮುಚ್ಚಿಕೊಂಡೆ. ಹುಡುಗಿ ಎಡಗೈಯಲ್ಲಿ ಒಂದು ಸಾಲು ಅರ್ಧ ಬರೆದಿದ್ದಳು.

ಆಮೇಲೆ ಅವನು ಚೌಕಟ್ಟನ್ನು ತಿರುಗಿಸಿ, ಮೊಹರನ್ನು ಗಟ್ಟಿಯಾಗಿ ಒತ್ತಿದ. ಮೂವತ್ತೆರಡು ವರ್ಷದ ನೌಕರಿಯನ್ನೂ ಸೇರಿಸಿ, ಅವನು ನಿಜವಾಗಿ ತಾಳೆ ನೋಡಿ ಮೊಹರು ಒತ್ತಿದ ಪ್ರತಿ ಅದೊಂದೇ. ತಪ್ಪೆಂದು ಗೊತ್ತಿದ್ದು ಒತ್ತಿದ್ದೂ ಅದೊಂದೇ.